ಪಟ್ಟಿಯಲ್ಲಿಲ್ಲದ ಹನ್ನೊಂದು ಮಣಿ

ಹೇಳುವುದೋ ಬಿಡುವುದೋ ಎಂಬುದು ಸೈಕಲ್ ಹತ್ತುವ ಹೊತ್ತಿಗೂ ತೀರ್ಮಾನವಾಗಿರಲಿಲ್ಲ. ಫೂಝೌ ಊರಿನ ಆಲದ ಮರಗಳ ಕೆಳಗೆ ಬೆಳಗಿನ ಏಳು ಗಂಟೆಗೇ ಸೆಖೆ ಕಟ್ಟಿಕೊಂಡಿತ್ತು. ಇಳಿಬಿದ್ದ ಬಿಳಲುಗಳು ತಲೆಗೆ ತಾಗದಂತೆ ಬಗ್ಗಿ ಪೆಡಲು ತುಳಿಯುತ್ತ ಝುವೊ ಪೇಲಾನ್ ಹತ್ತು ಗಂಟೆಯ ಸಭೆಯಲ್ಲಿ ತಾನು ಆಡಬೇಕಾದ ಮೊದಲ ಮಾತನ್ನು ಮನಸ್ಸಿನಲ್ಲೇ ಹೊರಳಿಸುತ್ತಿದ್ದಳು. ಮೇಡಂ, ನಿಮ್ಮ ಪಟ್ಟಿಯಲ್ಲಿ ತಪ್ಪಿದೆ. ಛೆ, ಒರಟಾಯಿತು. ಮೇಡಂ, ನನ್ನ ನಕ್ಷೆಯಲ್ಲಿ ಏನೋ ತಪ್ಪಿರಬೇಕು. ಸುಳ್ಳಾಯಿತು. ಒರಟೂ ಅಲ್ಲದ ಸುಳ್ಳೂ ಅಲ್ಲದ ಮೂರನೆಯ ಮಾತೊಂದು ಸಿಕ್ಕೀತೇನೋ ಎಂದು ಕಾಲುವೆಯ ಸೇತುವೆಯವರೆಗೂ ಹುಡುಕಿದಳು. ಸೇತುವೆಯ ಬುಡದಲ್ಲಿ ಮೀನುಂಡೆಯ ಸಾರು ಮಾರುವ ಹೆಂಗಸು, "ಏನ್ ಡಾಕ್ಟ್ರಮ್ಮ, ಇವತ್ತೂ ಬರೀ ಗಾಳಿ ಕುಡ್ಕೊಂಡೇ ಹೊರಟ್ಯಾ? ಬಾ, ಒಂದು ಬಟ್ಲು ಹಾಕ್ತೀನಿ," ಎಂದು ಕೂಗಿದಳು. ನಾನು ಡಾಕ್ಟರಲ್ಲ, ಯಾರ ಜೀವವನ್ನೂ ಉಳಿಸಿದವಳಲ್ಲ ಎಂದು ಎಷ್ಟು ಸಲ ಹೇಳಿದರೂ ಆಕೆ ಬಿಟ್ಟಿರಲಿಲ್ಲ. ಬಿಳಿ ಕೋಟು ಹಾಕಿದವರೆಲ್ಲ ಅವಳ ಪಾಲಿಗೆ ಡಾಕ್ಟರೇ. ಪೇಲಾನ್ ನಕ್ಕಂತೆ ಮಾಡಿ ಮುಂದೆ ಹೋದಳು. ಹೊಟ್ಟೆಯಲ್ಲಿ ಸಾರಿಗೂ ಜಾಗವಿರಲಿಲ್ಲ.

ಕಾಡು ಪಡವಲದ ಬಳ್ಳಿಯ ಗೆಡ್ಡೆಯೊಂದಿಗೆ ಅವಳು ಎಂಟು ವರ್ಷ ಏಗಿದ್ದಳು. ಗೆಡ್ಡೆಯನ್ನು ಅರೆದು, ಹಿಂಡಿ, ಸೋಸಿ ಪ್ರೋಟೀನ್ ತೆಗೆಯುವುದು ಶಾಂಘೈಯವರ ಕೆಲಸ. ಅದನ್ನು ಹರಳುಗಟ್ಟಿಸಿ, ಗುಂಡುಸೂಜಿಯ ತಲೆಗಿಂತ ಸಣ್ಣ ಹರಳನ್ನು ಗಾಜಿನ ನಳಿಗೆಯಲ್ಲಿ ಕೂರಿಸಿ, ಎಕ್ಸ್-ರೇ ಹಾಯಿಸಿ, ಫಿಲ್ಮಿನ ಮೇಲೆ ಬೀಳುವ ಸಾವಿರಾರು ಚುಕ್ಕೆಗಳನ್ನು ಅಳೆದು ಅದರ ಆಕಾರ ಕಂಡುಹಿಡಿಯುವುದು ಅವಳದು. ಪ್ರೋಟೀನ್ ಎಂದರೆ ದಾರದಲ್ಲಿ ಪೋಣಿಸಿದ ಮಣಿಸರ. ಯಾವ ಮಣಿಯಾದ ಮೇಲೆ ಯಾವುದು ಎಂಬ ಪಟ್ಟಿ ಹತ್ತು ವರ್ಷದ ಹಿಂದೆಯೇ ಶಾಂಘೈಯಿಂದ ಬಂದಿತ್ತು. ಆ ಸರ ಹೇಗೆ ಮುದುಡಿ ಕೂತಿದೆ ಎಂಬುದನ್ನು ತೋರಿಸುವ ನಕ್ಷೆ ಮಾತ್ರ ಈ ವರ್ಷ ಕೈಗೆ ಬಂತು, ಪಾರದರ್ಶಕ ಹಾಳೆಗಳ ಮೇಲೆ ಗುಡ್ಡದ ನಕ್ಷೆಯ ಹಾಗೆ ಸುತ್ತು ಸುತ್ತು ಗೆರೆಗಳಾಗಿ. ಗೆರೆಗಳನ್ನು ಹಾಳೆಗೆ ಇಳಿಸಿದವನು ಅವಳ ಗಂಡ ಹೈಷೆಂಗ್. ಹಡಗು ರಿಪೇರಿ ಕಟ್ಟೆಯಲ್ಲಿ ನಕ್ಷೆಗಾರನಾಗಿದ್ದ ಅವನು ಎಷ್ಟೋ ಭಾನುವಾರ ಊಟದ ಮೇಜಿನ ಮೇಲೆ ಕೂತು, ಒಂದು ಮಾತೂ ಆಡದೆ, ಒಂದೇ ದಪ್ಪದ ಗೆರೆ ಎಳೆದುಕೊಟ್ಟಿದ್ದ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಕೆಳಗೆ ದೀಪ ಹಚ್ಚಿದಾಗ ಮಣಿಸರ ಕಣ್ಣಿಗೆ ಕಟ್ಟುತ್ತಿತ್ತು. ಪಟ್ಟಿ ಹಿಡಿದು ಮಣಿ ಎಣಿಸಿಕೊಂಡು ಹೋದರೆ ಅರ್ಧದಾಚೆ ಒಂದು ತಿರುವಿನಲ್ಲಿ ಲೆಕ್ಕ ತಪ್ಪುತ್ತಿತ್ತು. ಪಟ್ಟಿಯ ಪ್ರಕಾರ ಅಲ್ಲಿ ಒಂದು ಮಣಿಯ ಪಕ್ಕ ಇನ್ನೊಂದು. ನಕ್ಷೆಯಲ್ಲಿ ಆ ಎರಡರ ನಡುವೆ ಸರ ಹೊರಗೆ ಹೋಗಿ, ಬಳಸಿ, ತಿರುಗಿ ಬರುತ್ತಿತ್ತು. ಹತ್ತು ಮಣಿ, ಇಲ್ಲವೇ ಹನ್ನೊಂದು. ಪೇಲಾನ್ ಎರಡು ತಿಂಗಳ ಹಿಂದೆ ಅದನ್ನು ಕಂಡು, ಮೂರು ದಿನ ಕಣ್ಣುಜ್ಜಿಕೊಂಡು, ನಾಲ್ಕನೆಯ ದಿನ ತಂತಿಯ ಮಾದರಿಯಲ್ಲಿ ಆ ಎರಡು ಮಣಿಗಳನ್ನು ಜಗ್ಗಿ ಎಳೆದು ಪಕ್ಕ ಪಕ್ಕ ಕಟ್ಟಿದ್ದಳು. ಬಳಸು ದಾರಿಯ ಗೆರೆಗಳನ್ನು ಕೊಳೆ ಎಂದು ಬರೆದಿಟ್ಟಳು. ಯಾರೂ ಕೇಳಲಿಲ್ಲ.

ತಾನೇಕೆ ಹಾಗೆ ಮಾಡಿದೆ ಎಂದು ಕೇಳಿಕೊಂಡಾಗಲೆಲ್ಲ ಅವಳಿಗೆ ಎರಡು ಉತ್ತರ ಬರುತ್ತಿದ್ದವು. ಒಂದು, ಹೆದರಿಕೆ. ಪಟ್ಟಿ ಮಾಡಿದ ಶೆನ್ ವಾನ್ ಮೇಡಂ ಈ ವಿದ್ಯೆಗೆ ಹಿರಿಯರು. ಅವರ ಎದುರು ತಾನು ಫಿಲ್ಮು ತೊಳೆಯುವ ಹುಡುಗಿಯಿಂದ ಮೇಲೆ ಬಂದವಳು. ಇನ್ನೊಂದನ್ನು ಪೂರ್ತಿ ಹೇಳಿಕೊಳ್ಳಲು ಅವಳ ಮನಸ್ಸು ಬಿಡುತ್ತಿರಲಿಲ್ಲ. ಇದೇ ಪ್ರೋಟೀನನ್ನು ಶುದ್ಧ ಮಾಡಿ ಸಣ್ಣ ಸೀಸೆಗೆ ತುಂಬಿದವರೂ ಶೆನ್ ಮೇಡಂ. ಬಸಿರು ಇಳಿಸಲು ಹಳ್ಳಿಯ ಸೂಲಗಿತ್ತಿಯರು ತಲೆಮಾರುಗಳಿಂದ ಬಳಸುತ್ತಿದ್ದ ಗೆಡ್ಡೆ ಅವರ ಕೈಯಲ್ಲಿ ಇಂಜೆಕ್ಷನ್ ಆಯಿತು. ಎಂಟು ವರ್ಷದ ಹಿಂದೆ, ಮಗಳು ಯುನ್‌ಯುನ್‌ಗೆ ಮೂರು ತುಂಬಿದ್ದಾಗ, ಹೊಟ್ಟೆಯಲ್ಲಿ ಐದು ತಿಂಗಳ ಇನ್ನೊಂದು ಇದ್ದಾಗ, ಸುಣ್ಣ ಬಳಿದ ಒಂದು ಕೋಣೆಯಲ್ಲಿ ನರ್ಸ್ ಟ್ರೇ ತಂದಿಟ್ಟಳು; ಸೀಸೆಯ ಮೇಲಿನ ಹೆಸರು ಓದಿ ಪೇಲಾನ್‌ಗೆ ಹಳೆಯ ಪರಿಚಯದವರು ಸಿಕ್ಕಂತೆ ಆಯಿತು. ಆ ವಾರವಷ್ಟೇ ಅವಳು ಅದರ ಮೊದಲ ಹರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಳು, ತೆಳ್ಳಗೆ, ಅಂಚು ಕತ್ತರಿಸಿಟ್ಟಂತೆ, ಎಷ್ಟು ಚೆಂದ ಎಂದು ಎಲ್ಲರನ್ನೂ ಕರೆದು ತೋರಿಸಿದ್ದಳು. ಮನೆಗೊಂದೇ ಮಗು ಎಂಬ ನಿಯಮ ಮುರಿದವರ ಹೆಸರು ಹರಳಿನ ಗುಂಪಿಗೆ ಬರುವುದಿಲ್ಲ ಎಂದು ಕಚೇರಿಯವರು ಮೆತ್ತಗೆ ಹೇಳಿದ್ದರು. ಬಲವಂತ ಎನ್ನುವಂಥದ್ದೇನೂ ನಡೆಯಲಿಲ್ಲ. ಕಾಗದ ಮುಂದಿಟ್ಟರು. ಪೆನ್ನಿನಲ್ಲಿ ಶಾಯಿ ಹರಿಯಲಿಲ್ಲ. ಗೀಚಿ ನೋಡಿದರೂ ಬರಲಿಲ್ಲ. ಆಗ ಎದ್ದು ಹೋಗಬಹುದಿತ್ತು. ಬೇರೆ ಪೆನ್ನಿದೆಯಾ ಎಂದು ಕೇಳಿದವಳು ಅವಳೇ.

ಹಾಗಾಗಿ ನಕ್ಷೆಯಲ್ಲಿ ಆ ತಿರುವನ್ನು ಕಂಡಾಗ ಅವಳ ಎದೆಯಲ್ಲಿ ಮೊದಲು ಎದ್ದದ್ದು ಖುಷಿ. ಸಿಕ್ಕಿಬಿದ್ದಿರಿ ಮೇಡಂ ಎಂಬಂಥ ಕೆಟ್ಟ ಖುಷಿ. ಅದು ಗೊತ್ತಾದ ಕ್ಷಣದಿಂದ ಅವಳಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಯಿತು. ಗೆರೆಗಳು ಇದ್ದದ್ದನ್ನು ತೋರಿಸುತ್ತಿವೆಯೋ, ತಾನು ನೋಡಬೇಕೆಂದು ಬಯಸಿದ್ದನ್ನೋ?

ಸಂಸ್ಥೆಯ ಗೇಟಿನಲ್ಲಿ ಸೈಕಲ್ ನಿಲ್ಲಿಸುವಾಗ ಕಂಪ್ಯೂಟರ್ ನೋಡಿಕೊಳ್ಳುವ ದೈ ಎದುರಾದ. ಕೈಯಲ್ಲಿ ಮುಚ್ಚಳದ ಲೋಟ, ಅದರಲ್ಲಿ ಮಲ್ಲಿಗೆ ಚಹಾ. "ಏನಕ್ಕ, ಹಬ್ಬದ ದಿನ ಮುಖ ಯಾಕೆ ಹೀಗೆ? ಶಾಂಘೈ ಮಹಾರಾಣಿ ಬಂದಾಗಿದೆ. ಒಂದು ದಿನ ಒಂದು ರಾತ್ರಿ ರೈಲಲ್ಲಿ ಕೂತು ಬಂದ್ರೂ ಮುದುಕಿ ಕೋಲಿನ ಹಾಗೆ ನೆಟ್ಟಗಿದ್ದಾರೆ." ಒಳಗೆ ಅವರ ಗುಂಪಿನ ಹಿರಿಯ ವೆಂಗ್ ಮೇಷ್ಟ್ರು ಹೊಸ ಅಂಗಿ ತೊಟ್ಟು ಓಡಾಡುತ್ತಿದ್ದರು. ಆ ವರ್ಷ ಅಮೆರಿಕದಿಂದ ಸುದ್ದಿ ಬಂದಿತ್ತು: ಈ ಗೆಡ್ಡೆಯ ಪ್ರೋಟೀನು ಏಡ್ಸ್ ವೈರಸ್ಸು ಹೊಕ್ಕ ಜೀವಕೋಶಗಳಲ್ಲಿ ವೈರಸ್ಸು ಬೆಳೆಯದಂತೆ ತಡೆಯುತ್ತದೆ, ಸದ್ಯಕ್ಕೆ ಗಾಜಿನ ತಟ್ಟೆಯಲ್ಲಿ. ಮನುಷ್ಯರಿಗೆ ಕೊಟ್ಟರೆ ಮೈ ತಡೆದುಕೊಳ್ಳುವುದಿಲ್ಲ. ಆಕಾರ ಗೊತ್ತಾದರೆ ಬೇಕಾದ ಭಾಗ ಉಳಿಸಿಕೊಂಡು ಬೇಡದ್ದನ್ನು ಬದಲಾಯಿಸಬಹುದು. ಈಗ ಎಲ್ಲರಿಗೂ ಆಕಾರ ಬೇಕಾಗಿತ್ತು. "ಬರೋ ಸೋಮವಾರ ಪ್ರಬಂಧ ಅಂಚೆಗೆ ಹೋಗ್ಲೇಬೇಕು ಪೇಲಾನ್," ಎಂದರು ಮೇಷ್ಟ್ರು. "ನೀನು ಚೆನ್ನಾಗಿ ಹೇಳು. ಮೇಡಂನ ಕರೆಸಿರೋದು ಖುಷಿಪಡಿಸಿ ಕಳಿಸೋಕೆ, ಅಷ್ಟೆ." ಅವಳು ಹೂಂ ಎಂದಳು. ಆ ಹೂಂನಲ್ಲಿ ತೀರ್ಮಾನವಾಗಿಬಿಟ್ಟಿತು ಎಂದುಕೊಂಡಳು; ಹೇಳುವುದಿಲ್ಲ. ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ.

ಸಭೆಯಲ್ಲಿ ಅವಳು ಚೆನ್ನಾಗಿಯೇ ಮಾತಾಡಿದಳು. ಶೆನ್ ಮೇಡಂ ಮುಂದಿನ ಕುರ್ಚಿಯಲ್ಲಿ ಕನ್ನಡಕವನ್ನು ಹಣೆಗೇರಿಸಿ ಕೂತಿದ್ದರು. ಪೇಲಾನ್ ಊಹಿಸಿಕೊಂಡಿದ್ದಂತೆ ಅವರು ದೊಡ್ಡ ಹೆಂಗಸಾಗಿರಲಿಲ್ಲ. ಕುಳ್ಳಗೆ, ಬೆರಳ ಗಂಟುಗಳು ಊದಿ, ನೀಲಿ ಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದು. ಇವರನ್ನೇ ಎಂಟು ವರ್ಷ ದ್ವೇಷಿಸಿದೆನೇ ಎಂದು ಅವಳಿಗೆ ಒಂದು ಬಗೆಯ ನಾಚಿಕೆಯಾಯಿತು. ತಂತಿಯ ಮಾದರಿಯ ಮೇಲೆ ಕೋಲು ಸರಿಸುತ್ತ ಆ ತಿರುವು ಬಂದಾಗ ಸ್ವಲ್ಪ ಬೇಗ ದಾಟಿದಳು, ಗುರುತಿನವರ ಮನೆ ಮುಂದೆ ತಲೆ ತಗ್ಗಿಸಿ ನಡೆಯುವ ಹಾಗೆ.

"ನಿಲ್ಲು," ಎಂದರು ಶೆನ್ ಮೇಡಂ. "ಹಿಂದಕ್ಕೆ ಬಾ. ಅಲ್ಲಿ ಯಾಕಮ್ಮ ಸರ ಅಷ್ಟೊಂದು ಜಗ್ಗಿದೆ?"

ಪೇಲಾನ್ ಕೋಲನ್ನು ಆ ತಿರುವಿಗೆ ವಾಪಸು ತಂದಳು. ಫ್ಯಾನು ತಿರುಗುತ್ತಿತ್ತು. ಬೆಳಗಿನಿಂದ ಹುಡುಕಿದ ಮೂರನೆಯ ಮಾತು ಆಗಲೂ ಸಿಗದೆ ಅವಳ ಬಾಯಿಂದ ಬಂದದ್ದು ಬೇರೆಯೇ. "ನಾನೇ ಜಗ್ಗಿದ್ದು ಮೇಡಂ."

"ಯಾಕೆ?"

"ಪಟ್ಟಿಗೆ ಹೊಂದಬೇಕು ಅಂತ. ನಕ್ಷೆಯಲ್ಲಿ ಅಲ್ಲಿ ಇನ್ನೂ ಮಣಿಗಳಿವೆ. ಹತ್ತೋ ಹನ್ನೊಂದೋ. ಪಟ್ಟಿಯಲ್ಲಿ ಇಲ್ಲ."

ದೈ ತಡೆಯಲಾರದೆ ನಕ್ಕ. "ಅಕ್ಕ, ಕೆಮಿಸ್ಟ್ರಿಗೂ ನಕ್ಷೆಗೂ ಜಗಳ ಬಂದ್ರೆ ಮೊದಲು ಕನ್ನಡಕ ಬದಲಾಯಿಸ್ಬೇಕು, ಪಟ್ಟಿಯನ್ನಲ್ಲ." ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ವೆಂಗ್ ಮೇಷ್ಟ್ರು ನಗಲಿಲ್ಲ; ಅವರ ಮುಖ ಇಳಿದು ಹೋಗಿತ್ತು. "ಪೇಲಾನ್, ಇದನ್ನ ನನಗ್ಯಾಕೆ ಹೇಳ್ಲಿಲ್ಲ? ಪ್ರಬಂಧದಲ್ಲಿ ಕೊಳೆ ಅಂತ ಬರೆದಿದ್ದೀಯಲ್ಲ!" ಅವಳ ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಒಮ್ಮೆ ಪಕ್ಕದವಳ ಉತ್ತರ ನೋಡಿ ಸಿಕ್ಕಿಬಿದ್ದಾಗಲೂ ಹೀಗೇ ಕಿವಿಯಿಂದಲೇ ಶುರುವಾಗಿತ್ತು, ಮೇಷ್ಟ್ರು ಬೈಯುವ ಮೊದಲೇ. ತಾನು ಮಾಡಿದ್ದು ಕಣ್ಣೆದುರಿಗಿದ್ದುದನ್ನು ಕೊಳೆ ಎಂದು ಕರೆದದ್ದು. ಅದಕ್ಕೆ ಕಾರಣ ಕೊಡಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. "ತಪ್ಪಾಯ್ತು ಮೇಷ್ಟ್ರೇ," ಎಂದಷ್ಟೇ ಹೇಳಿದಳು.

ಶೆನ್ ಮೇಡಂ ಎದ್ದು ದೀಪದ ಪೆಟ್ಟಿಗೆಯ ಹತ್ತಿರ ಹೋದರು. ಹಾಳೆಗಳ ಮೇಲೆ ಬಗ್ಗಿ, ಕನ್ನಡಕ ಇಳಿಸಿ, ಏರಿಸಿ, ಮತ್ತೆ ಇಳಿಸಿ ಎಷ್ಟೋ ಹೊತ್ತು ನೋಡಿದರು. ಊದಿದ ಬೆರಳು ಗೆರೆಗಳ ಮೇಲೆ ನಿಧಾನವಾಗಿ ಹೊರಗೆ ಹೋಗಿ, ಬಳಸಿ, ವಾಪಸು ಬಂತು. ಗಡಿಯಾರ ಹನ್ನೊಂದೂವರೆ ದಾಟಿತು. ಕೊನೆಗೆ ತಿರುಗಿ, "ವೆಂಗ್, ಎಲ್ರನ್ನೂ ಕರ್ಕೊಂಡು ಊಟಕ್ಕೆ ಹೋಗಿ," ಎಂದರು. "ಇವಳೊಬ್ಬಳು ಇರ್ಲಿ."

ಕೋಣೆ ಖಾಲಿಯಾದ ಮೇಲೆ ಆಕೆ ಸ್ಟೂಲಿನ ಮೇಲೆ ಕೂತು ಮಂಡಿ ಉಜ್ಜಿಕೊಂಡರು. "ಸರವನ್ನ ತುಂಡು ಮಾಡಿ ಓದೋವಾಗ ನಮಗೊಂದು ಸಣ್ಣ ತುಂಡು ಸಿಕ್ಕಿತ್ತು. ಎಲ್ಲಿಗೆ ಸೇರಿದ್ದು ಅಂತ ಗೊತ್ತಾಗ್ಲಿಲ್ಲ. ಕೊಳೆ ಅಂತ ಚೆಲ್ಲಿದ್ವಿ." ಸ್ವಲ್ಪ ತಡೆದು, "ನಾವೂ ಅದೇ ಪದ ಬರೆದದ್ದು ನೋಡು," ಎಂದು ಹಲ್ಲು ಬಿಟ್ಟು ನಕ್ಕರು. ಆ ನಗುವಿಗೆ ಪೇಲಾನ್ ಸಿದ್ಧಳಾಗಿರಲಿಲ್ಲ. ಸಿಟ್ಟಾಗಿದ್ದರೆ ಎದುರಿಸಬಹುದಿತ್ತು.

"ಎರಡು ತಿಂಗಳು ಸುಮ್ನಿದ್ದದ್ದು ಯಾಕೆ? ನನ್ನ ಕಂಡ್ರೆ ಅಷ್ಟು ಭಯವಾ?"

"ಭಯ ಅಲ್ಲ ಮೇಡಂ." ಅವಳು ಕೋಲನ್ನು ಮೇಜಿನ ಮೇಲಿಟ್ಟಳು. "ಆ ಇಂಜೆಕ್ಷನ್ನು ನನಗೂ ಕೊಟ್ಟಿದ್ರು. ಐದನೇ ತಿಂಗಳಲ್ಲಿ. ಅದಕ್ಕೇ ನಿಮ್ಮ ತಪ್ಪು ಹುಡುಕ್ತಾ ಇದ್ದೀನೇನೋ ಅನ್ನಿಸ್ತು. ನನ್ನ ಕಣ್ಣನ್ನ ನಾನೇ ನಂಬಲಿಲ್ಲ."

ಶೆನ್ ಮೇಡಂ ಅವಳ ಮುಖ ನೋಡಲಿಲ್ಲ. ಉರಿಯುತ್ತಲೇ ಇದ್ದ ದೀಪದ ಪೆಟ್ಟಿಗೆಯ ಮೇಲೆ ಅಂಗೈ ಊರಿಕೊಂಡು ಕೂತಿದ್ದರು. "ನನ್ನ ಅಕ್ಕ ಸತ್ತದ್ದು ಹಳ್ಳೀಲಿ," ಎಂದರು. "ಸೂಲಗಿತ್ತಿ ಇದೇ ಗೆಡ್ಡೆ ಪುಡಿ ಕೊಟ್ಟಿದ್ಲು, ಶುದ್ಧ ಇರ್ಲಿಲ್ಲ. ಮಗು ಬೇಡ ಅನ್ನೋ ಹೆಂಗಸು ಸಾಯಬಾರದು ಅಂತ ನಾನು ಅದನ್ನ ಶುದ್ಧ ಮಾಡಿದೆ. ಬೇಕು ಅನ್ನೋಳಿಗೂ ಕೊಡ್ತಾರೆ ಅಂತ ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೆ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ." ಆಕೆ ಎದ್ದರು. "ನಿನಗೆ ಬೇಕಾಗಿತ್ತಾ?"

ಎಂಟು ವರ್ಷದಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. "ಎರಡೂ ಬೇಕಾಗಿತ್ತು ಮೇಡಂ. ಇದೂ, ಅದೂ," ಎಂದು ಹಾಳೆಗಳ ಕಡೆ ಕೈ ತೋರಿಸಿದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಬದಲಿಗೆ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಯಿತು.

"ಕಣ್ಣು ಸರಿಯಾಗಿದೆಯೋ ಇಲ್ವೋ ನೋಡೇಬಿಡೋಣ," ಎಂದರು ಶೆನ್ ಮೇಡಂ. "ಪ್ರಬಂಧ ನಿಲ್ಸೋಕೆ ವೆಂಗ್‌ಗೆ ನಾನು ಹೇಳ್ತೀನಿ. ಚಳಿಗಾಲಕ್ಕೆ ನೀನು ಶಾಂಘೈಗೆ ಬಾ. ನನ್ನ ಕೈ ನಡುಗುತ್ತೆ, ನಿನ್ನ ಕೈ ಬೇಕು. ದ್ವೇಷ ಇದ್ರೆ ಅದನ್ನೂ ಗಂಟು ಕಟ್ಕೊಂಡು ಬಾ, ನನ್ನದೇನೂ ಅಭ್ಯಂತರ ಇಲ್ಲ."

ಸಂಜೆ ಮನೆಯಲ್ಲಿ ಯುನ್‌ಯುನ್ ಪಕ್ಕದ ಮನೆಗೆ ಟಿವಿ ನೋಡಲು ಹೋಗಿದ್ದಳು. ಹೈಷೆಂಗ್ ರಾತ್ರಿಯ ಅಡುಗೆಗೆ ಸಿಂಪಿ ತೊಳೆಯುತ್ತಿದ್ದ. ಅವಳು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು, ಸಭೆ, ನಗು, ಮೇಷ್ಟ್ರ ಮುಖ, ಶಾಂಘೈ. ಅವನು ಹೂಂಗುಟ್ಟುತ್ತ ಹೋದ. ಅವರಿಬ್ಬರ ಸಂಸಾರ ಎಷ್ಟೋ ಕಾಲದಿಂದ ಹೂಂಗಳ ಮೇಲೆಯೇ ನಡೆದಿತ್ತು. ಆ ಆಸ್ಪತ್ರೆಯಿಂದ ಬಸ್ಸಿನಲ್ಲಿ ಮನೆಗೆ ಬರುವಾಗ ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದು, ಅವಳು ಅವನ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತ ಕೂತಿದ್ದು, ಅಲ್ಲಿಂದ ಶುರುವಾದ ಹೂಂ. ನನ್ನನ್ನು ಕ್ಷಮಿಸಿಲ್ಲ ಎಂದು ಅವಳು ತಿಳಿದಿದ್ದಳು. ಕೇಳುವ ಧೈರ್ಯವಿರಲಿಲ್ಲ. ಇವತ್ತು ಒಮ್ಮೆ ಬಾಯಿ ತೆರೆದದ್ದರಿಂದಲೋ ಏನೋ ಮಾತು ತಾನಾಗಿ ಬಂತು. "ಹೈಷೆಂಗ್, ಆವತ್ತು ಅವರು ಬಲವಂತ ಮಾಡಲಿಲ್ಲ. ಪೆನ್ನು ಬರೀಲಿಲ್ಲ, ನಾನೇ ಬೇರೆ ಪೆನ್ನು ಕೇಳಿದೆ. ಹರಳಿನ ಗುಂಪು ಬೇಕಾಗಿತ್ತು ನನಗೆ."

ಅವನ ಕೈ ನೀರಿನಲ್ಲೇ ನಿಂತಿತು. "ಗೊತ್ತು."

"ಹೇಗೆ ಗೊತ್ತು?"

"ನರ್ಸ್ ಹೊರಗೆ ಬಂದು ಯಾರ ಹತ್ರ ಆದ್ರೂ ಪೆನ್ನಿದೆಯಾ ಅಂದ್ಲು. ನಾನೇ ಜೇಬಿಂದ ತೆಗೆದು ಕೊಟ್ಟೆ. ಯಾತಕ್ಕೆ ಅಂತ ಗೊತ್ತಿತ್ತು ನನಗೆ. ಸದ್ಯ, ಮುಗೀತಲ್ಲ ಅನ್ನಿಸ್ತು." ಅವನು ತಲೆ ಎತ್ತಲಿಲ್ಲ. "ಹಾಗನ್ನಿಸಿದ್ದಕ್ಕೇ ಇಷ್ಟು ವರ್ಷ ನಿನ್ನ ಮುಖ ನೋಡೋಕಾಗ್ಲಿಲ್ಲ ಪೇಲಾನ್."

ಅವಳು ಒಳಗೆ ಬಂದು ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬೋಗುಣಿಗೆ ಕೈ ಹಾಕಿದಳು. ಸಿಂಪಿಯ ಚಿಪ್ಪುಗಳನ್ನು ಇಬ್ಬರೂ ಒಂದೊಂದಾಗಿ ಉಜ್ಜಿದರು. ಒಂದೇ ಪೆನ್ನಿನ ಎರಡು ತುದಿ ಹಿಡಿದುಕೊಂಡು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎಂಟು ವರ್ಷ ಬದುಕಿದ್ದೆವು ಎನ್ನುವುದು ಅವಳಿಗೆ ಅಳುವ ವಿಷಯವೋ ನಗುವ ವಿಷಯವೋ ತಿಳಿಯಲಿಲ್ಲ. ಹೈಷೆಂಗ್‌ನ ಭುಜ ಅವಳ ಭುಜಕ್ಕೆ ತಾಗಿತ್ತು, ಅವನು ಸರಿಸಿಕೊಳ್ಳಲಿಲ್ಲ. ಯುನ್‌ಯುನ್ ಬಂದು, "ಇಬ್ರೂ ಸೇರ್ಕೊಂಡು ಇಷ್ಟು ಸಿಂಪಿ ತೊಳೀತಿದ್ದೀರಾ? ಯಾರು ಬರ್ತಿದ್ದಾರೆ ಮನೆಗೆ?" ಎಂದು ಕೇಳಿದಳು. "ಯಾರೂ ಇಲ್ಲ, ನಾವೇ," ಎಂದ ಅವಳಪ್ಪ.

ಶಾಂಘೈಯ ಚಳಿ ಬೇರೆ. ಕೋಣೆ ಬೆಚ್ಚಗಾಗಿಸುವ ಪದ್ಧತಿ ಅಲ್ಲಿಲ್ಲ. ಹತ್ತಿ ತುಂಬಿದ ಕೋಟು ಹಾಕಿಕೊಂಡೇ ಇಬ್ಬರು ಹೆಂಗಸರು ಡಿಸೆಂಬರ್ ಪೂರ್ತಿ ಗೆಡ್ಡೆಯ ರಸ ಸೋಸಿದರು. ಚೆಲ್ಲಿಹೋಗುವಂಥ ಆ ಸಣ್ಣ ತುಂಡನ್ನು ಈ ಸಲ ಚೆಲ್ಲದೆ ಹಿಡಿದರು; ಅದರಲ್ಲಿ ಮಣಿ ಹನ್ನೊಂದು ಎಂದು ಲೆಕ್ಕ ಸಿಕ್ಕಿತು. ಮಣಿಗಳನ್ನು ಒಂದು ತುದಿಯಿಂದ ಒಂದೊಂದೇ ಬಿಡಿಸಿ ಗುರುತಿಸಬೇಕು, ದಿನಕ್ಕೊಂದು. ಶೆನ್ ಮೇಡಂ ಬೈದರು, ಪೇಲಾನ್‌ಳ ಉಚ್ಚಾರಣೆಯನ್ನು ಅಣಕಿಸಿದರು, ಮಧ್ಯಾಹ್ನ ತಮ್ಮ ಡಬ್ಬಿಯ ಮೊಟ್ಟೆಯನ್ನು ಹೇಳದೆ ಕೇಳದೆ ಅವಳ ಅನ್ನದ ಮೇಲಿಟ್ಟರು. ದ್ವೇಷ ಪೂರ್ತಿ ಹೋಗಿತ್ತೆಂದಲ್ಲ. ಕೆಲವು ಬೆಳಿಗ್ಗೆ ಆ ಊದಿದ ಬೆರಳುಗಳನ್ನು ನೋಡಿದರೆ ಅದು ಎದ್ದು ಕೂರುತ್ತಿತ್ತು. ಕೈ ಕೆಲಸಕ್ಕೆ ಹತ್ತಿದ ಮೇಲೆ ಎಲ್ಲೋ ಎದ್ದು ಹೋಗುತ್ತಿತ್ತು. ಮೊದಲ ಐದು ಮಣಿಗಳು ಸಣ್ಣವು. ನಕ್ಷೆಗೆ ಹೊಂದಿದವು, ಆದರೆ ಸಣ್ಣವು ಎಲ್ಲಿ ಬೇಕಾದರೂ ಹೊಂದುತ್ತವೆ. ಆರನೆಯದರ ಬಗ್ಗೆ ಮಾತ್ರ ಪೇಲಾನ್ ಖಚಿತವಾಗಿ ಹೇಳಿದ್ದಳು: ಅಲ್ಲಿ ನಕ್ಷೆಯಲ್ಲಿ ನಾಣ್ಯದಂತೆ ಚಪ್ಪಟೆಯಾದ ಒಂದು ಉಬ್ಬಿದೆ, ಬಳೆಯಾಕಾರದ ದೊಡ್ಡ ಮಣಿಯೇ ಆಗಬೇಕು. ಇಲ್ಲದಿದ್ದರೆ ತಾನು ಕಂಡದ್ದೆಲ್ಲ ಸುಳ್ಳು.

ಆರನೆಯ ದಿನ ಮಧ್ಯಾಹ್ನ ಅವಳು ಕತ್ತಲೆ ಕೋಣೆಗೆ ಹೋಗಲಿಲ್ಲ. ಕಿಟಕಿಯ ಬಳಿ ನಿಂತು ಹೊರಗೆ ಯಾರೋ ಹಾಸಿಗೆ ಬಡಿಯುತ್ತಿದ್ದುದನ್ನು ನೋಡುತ್ತಿದ್ದಳು. ಒಳಗಿನಿಂದ ಶೆನ್ ಮೇಡಂ ಕೂಗಿದರು.

"ಏ ಫೂಝೌ! ಬಾ ಇಲ್ಲಿ. ನಾನು ಹೇಳೋದಿಲ್ಲ, ನೀನೇ ನೋಡು."

ನೇರಳೆ ದೀಪದ ಕೆಳಗೆ ಅಂಗೈಯಗಲದ ಹಾಳೆ. ಅದರ ಮೇಲೆ ಒಂದೇ ಒಂದು ಚುಕ್ಕೆ ಹಳದಿಯಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಗೊತ್ತಿರುವ ಮಣಿಗಳ ಗುರುತು ಹಾಳೆ ಇಟ್ಟಿದ್ದರು. ಪೇಲಾನ್ ಎರಡನ್ನೂ ಅಂಚಿಗೆ ಅಂಚು ಕೂಡಿಸಿದಳು. ಬಳೆಯಾಕಾರದ ಮಣಿ ಎಲ್ಲಿರಬೇಕೋ ಅಲ್ಲೇ ಚುಕ್ಕೆ ಕೂತಿತ್ತು. ಅವಳು ಇನ್ನೊಮ್ಮೆ ಕೂಡಿಸಿದಳು. ಮತ್ತೆ ಅಲ್ಲೇ. ಕತ್ತಲೆಯಲ್ಲಿ ಮುದುಕಿಯ ಉಸಿರು ಅವಳ ಕಿವಿಯ ಹತ್ತಿರ ಕೇಳುತ್ತಿತ್ತು. "ಬರ್ಕೋ," ಎಂದರು ಶೆನ್ ಮೇಡಂ. "ನನ್ನ ಪಟ್ಟಿ ತಪ್ಪು, ನಿನ್ನ ಕಣ್ಣು ಸರಿ. ನಾನೇ ಹೇಳ್ತಿದ್ದೀನಲ್ಲ, ಬರ್ಕೋ."

ಅಂಚೆ ಕಚೇರಿಯ ಟೆಲಿಫೋನಿಗೆ ಸಾಲಿತ್ತು. ಅವಳ ಸರದಿ ಬಂದಾಗ ಫೂಝೌನ ಹಡಗು ಕಟ್ಟೆಯ ಗೇಟಿನವನು ಹೈಷೆಂಗ್‌ನನ್ನು ಕರೆತರಲು ಹೋದ. ಅಷ್ಟು ಹೊತ್ತೂ ತಂತಿಯಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಅವನು ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ.

"ಏನಾಯ್ತು?"

"ಇತ್ತು," ಎಂದಳು ಪೇಲಾನ್. ಹಿಂದೆ ನಿಂತವರು ನೋಡುತ್ತಿದ್ದಾರೆಂದು ಗೊತ್ತಿದ್ದರೂ ದನಿ ತಗ್ಗಿಸಲಾಗಲಿಲ್ಲ. "ಅಲ್ಲೇ ಇತ್ತು ಹೈಷೆಂಗ್. ನಾನು ನೋಡಿದ್ದು ನಿಜವಾಗ್ಲೂ ಇತ್ತು."

ಆ ಕಡೆ ಸುತ್ತಿಗೆ ಬಡಿಯುತ್ತಲೇ ಇತ್ತು.

"ಇತ್ತು," ಎಂದ ಅವನೂ. ಆಮೇಲೆ, "ಇನ್ನೂ ಎಷ್ಟು ಬಾಕಿ?" ಎಂದು ಕೇಳಿದ.

"ಐದು. ನಾಳೆ ಏಳನೇದು."